ಅಂತೆ

ಅಯಾಕುಚೊ ಕೋರ್ಟಿನ ಎರಡನೇ ಮಹಡಿಯಲ್ಲಿ
ನನಗೊಂದು ಕುರ್ಚಿ, ಅದರ ಒಂದು ಕಾಲು ಗಿಡ್ಡ.
ಹನ್ನೊಂದು ವರ್ಷದಿಂದ ಅಲ್ಲಿ ಕೂತು
ಕೆಚುವಾ ಮಾತನ್ನು ಸ್ಪ್ಯಾನಿಷಿಗೆ ದಾಟಿಸುತ್ತೇನೆ.
ಹಗ್ಗದ ಸೇತುವೆಗೆ
ದಾಟಿದವರ ಹೊರೆ ತಾಗುವುದಿಲ್ಲ ಅಂದುಕೊಂಡಿದ್ದೆ.
ತಪ್ಪು. ನಾರು ಒಂದೊಂದಾಗಿ ಸವೆಯುತ್ತದೆ.

ತೆಯೊದೋಸಿಯಾ ಕ್ಕೊರಾವಾ ಬಂದದ್ದು ಅದು ಐದನೇ ಸಲ.
ಒಮ್ಮೆ ನ್ಯಾಯಾಧೀಶರಿಗೆ ಜ್ವರ, ಒಮ್ಮೆ ಮುಷ್ಕರ,
ಒಮ್ಮೆ ಕಡತ ಇನ್ಯಾವುದೋ ಕೋಣೆಯಲ್ಲಿ,
ಒಮ್ಮೆ ಕಾರಣವನ್ನೂ ಹೇಳಲಿಲ್ಲ.
ಪ್ರತಿ ಸಲ ವ್ಯಾನಿನಲ್ಲಿ ಐದು ತಾಸು,
ಮಡಿಲಲ್ಲಿ ಹುರಿದ ಜೋಳದ ಗಂಟು.
ವ್ಯಾನಿನ ದುಡ್ಡು ಯೊವಾನಾಳದು,
ಬಡವರಿಗೆಂದು ಸರಕಾರ ಇಟ್ಟ ವಕೀಲೆ,
ನೂರ ನಲವತ್ತು ಕಡತ, ಒಂದೇ ಜೊತೆ ಬೂಟು.
ಕಚೇರಿ ರಸೀದಿ ಕೇಳುತ್ತದೆ,
ವ್ಯಾನಿನವನು ಕೊಡುವುದಿಲ್ಲ.

ಹಿಂದಿನ ಸಂಜೆ ಖಾಲಿ ಕೋರ್ಟಿಗೆ ಕರೆತಂದು ತೋರಿಸಿದ್ದಳು:
ಇದು ನಿನ್ನ ಜಾಗ, ಅದು ಅವನದು.
ಅವನ ಕಡೆ ನೋಡಲೇಬೇಕೆಂದಿಲ್ಲ,
ಕಿಟಕಿಯಾಚೆ ಮೊಯೆ ಮರ ಇದೆ, ಅದನ್ನು ನೋಡು.
ನೀರು ಬೇಕಾದರೆ ಕೇಳು, ಕೇಳುವುದು ತಪ್ಪಲ್ಲ.

ಮರ ನೋಡುತ್ತ ತೆಯೊದೋಸಿಯಾ ಹೇಳಿದಳು:
"ಒಲೆಗೆ ಸೌದೆ ಹಾಕಿದೆ. ಏಳು ತಿಂಗಳ ಸಂಬಳ ಕೇಳಿದೆ.
ರೊಟ್ಟಿ ತೆಗೆಯುವ ಮರದ ಸಲಿಕೆ ಎತ್ತಿದ.
ಕಂಡೆ. ಹಿಡಿಯ ಮೇಲೆ ಹಿಟ್ಟಿತ್ತು."

ಆಮೇಲೆ ದನಿ ಬದಲಾಗಲಿಲ್ಲ, ಮಾತಿನ ತುದಿ ಬದಲಾಯಿತು:
"ನಾನು ಬಿದ್ದೆನಂತೆ.
ಕಾಲು ಹಿಡಿದು ಎಳೆದನಂತೆ.
ಕಾಲುವೆಯ ದಂಡೆಗೆ ಬಿಸಾಕಿದನಂತೆ.
ಬೆಳಗಾಗುವಾಗ ನನ್ನ ಕೂದಲಲ್ಲಿ
ಹಿಮ ಗಟ್ಟಿಯಾಗಿತ್ತಂತೆ."

ಎದುರು ವಕೀಲ ನಕ್ಕ.
ದಾದಿಯ ತೊಡೆಯ ಮೇಲೆ ಕಲಿತ ಕೆಚುವಾ ಅವನಿಗುಂಟು,
ಬೇಕಾದಾಗ ಮಾತ್ರ ನೆನಪಾಗುತ್ತದೆ.
"ಸ್ವಾಮಿ, ತನ್ನ ಮೈಗೆ ಆದದ್ದನ್ನೇ ಅಂತೆ ಅನ್ನುತ್ತಾಳೆ.
ಇದು ಸಾಕ್ಷಿಯೇ? ಅಂತೆ ಕಂತೆಗಳ ಸಂತೆ."

ದುಭಾಷಿ ಏಳಬಾರದು. ಎದ್ದೆ.
ಕುಂಟು ಕುರ್ಚಿ ಟಕ್ಕೆಂದಿತು.
"ಸ್ವಾಮಿ, ಅವಳಿಗೆ ಅನುಮಾನವಿಲ್ಲ.
ನಮ್ಮ ನುಡಿಯಲ್ಲಿ ಕಂಡದ್ದಕ್ಕೊಂದು ಬಾಲ, ಕಾಣದ್ದಕ್ಕೊಂದು.
ನಿದ್ದೆಯಲ್ಲಿ ಆದದ್ದು, ತೊಟ್ಟಿಲಲ್ಲಿ ಆದದ್ದು,
ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದಾಗ ಆದದ್ದು,
ಎಲ್ಲ ಅಂತೆಯೇ.
ನಾನು ಹುಟ್ಟಿದೆನಂತೆ.
ತಾವೂ ಹುಟ್ಟಿದಿರಂತೆ.
ಎಚ್ಚರವಿಲ್ಲದ ಹೊತ್ತನ್ನು ಕಂಡೆ ಎಂದಿದ್ದರೆ
ಅದು ಸುಳ್ಳು. ಅವಳು ಅನ್ನಲಿಲ್ಲ."

ಹಿಂದೆ ಯಾರೋ ಕೆಮ್ಮಿದರು.
ಬೆರಳಚ್ಚಿನವಳು ಇದನ್ನೂ ಹೊಡೆಯಲೇ ಎಂದು ತಲೆಯೆತ್ತಿದಳು.
ಹೊಡಿ, ಎಂದರು ನ್ಯಾಯಾಧೀಶರು.
ಯೊವಾನಾ ಮುಂದಿನ ಸಾಕ್ಷಿಯನ್ನು ಕರೆದಳು:
ಹೊಲಕ್ಕೆ ನೀರು ತಿರುಗಿಸಲು ನಸುಕಿನಲ್ಲೇ ಹೋಗಿದ್ದ ಮುದುಕ.
ಅವನ ಮಾತಿನಲ್ಲಿ
ಒಂದೂ ಅಂತೆ ಇರಲಿಲ್ಲ.

ಮೂರು ವಾರ ಕಳೆದು ನಾನೇ ಫೋನು ಮಾಡಿದೆ.
"ತೀರ್ಪು ಬಂತಂತೆ. ಅವನಿಗೆ ಆರು ವರ್ಷವಂತೆ."
ಆ ಕಡೆ ಬಹಳ ಹೊತ್ತು ಬರೀ ಗಾಳಿ. ಒಂದು ಕುರಿ.
"ಅಂತೆಯಾ? ನೀನು ಕಂಡೆಯಾ?"
"ಇಲ್ಲ, ಯೊವಾನಾ ಹೇಳಿದಳು."
"ಹಾಗಾದರೆ ನಾಳೆ ಬರುತ್ತೇನೆ."

ಐದು ತಾಸು. ಆರನೇ ಸಲ.
ಓದು ಬಾರದವಳು ಮೊಹರಿನ ಉಬ್ಬಿನ ಮೇಲೆ ಬೆರಳಾಡಿಸಿದಳು,
ನನ್ನಿಂದ ಎರಡು ಸಲ ಓದಿಸಿದಳು,
ಸಲಿಕೆ ಅನ್ನುವುದು ಎಲ್ಲಿದೆ, ತೋರಿಸು ಎಂದಳು.
ತೋರಿಸಿದೆ.
ಟೋಪಿ ತೆಗೆದು, ಕೂದಲು ಬೆಳೆಯದ ಆ ಗೆರೆ ಮುಟ್ಟಿಕೊಂಡು
"ಆಯಿತು" ಎಂದಳು.

ಮೆಟ್ಟಿಲ ಮೇಲೆ ಜೋಳದ ಗಂಟು ಬಿಚ್ಚಿ
ಮೂವರೂ ತಿಂದೆವು. ಯೊವಾನಾಳ ಬೂಟಿನ ಅಟ್ಟೆ ಬಾಯಿಬಿಟ್ಟಿತ್ತು.
ಏಳು ತಿಂಗಳ ಸಂಬಳ?

ಬರುತ್ತದಂತೆ.